ಕಸಿಯಾದ ಮೇಲೆ ಹಿಮೋಗ್ಲೋಬಿನ್ ಒಂದೇ ಇಳಿಯುತ್ತಿದ್ದರೆ

ಅಸ್ಥಿಮಜ್ಜೆ (ಬೋನ್ ಮ್ಯಾರೋ) ಕಸಿಯಾಗಿ ಮುಂಬಯಿ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೋ ಖಾರಘರದಲ್ಲಿರುವ ಅದರ ಕೇಂದ್ರವಾದ ಆಕ್ಟ್ರೆಕ್‌ಗೋ ಫಾಲೋಅಪ್‌ಗೆ ಬರುವ ವಿಜಯಪುರ, ಕಲಬುರಗಿ ಕಡೆಯವರು ರಿಪೋರ್ಟ್‌ನಲ್ಲಿ ಮೊದಲು ನೋಡುವುದು ಬಿಳಿ ರಕ್ತಕಣ, ಪ್ಲೇಟ್‌ಲೆಟ್. ಅವೆರಡೂ ಸರಿಯಿದ್ದು, ರಕ್ತ ಹಾಕಿಸಿದ ಕೆಲವೇ ವಾರದಲ್ಲಿ ಹಿಮೋಗ್ಲೋಬಿನ್ ಮತ್ತೆ 6–7ಕ್ಕೆ ಇಳಿದರೆ ರೆಟಿಕ್ಯುಲೋಸೈಟ್ ಕೌಂಟ್ (ಈಗಷ್ಟೇ ಹುಟ್ಟಿದ ಕೆಂಪು ಕಣಗಳ ಎಣಿಕೆ) ಕೇಳಿ. ಮಾಮೂಲಿ ರಕ್ತಕಣ ಎಣಿಕೆಯಲ್ಲಿ (ಸಿಬಿಸಿ) ಅದು ಸಾಮಾನ್ಯವಾಗಿ ಇರುವುದಿಲ್ಲ, ಬೇರೆ ಬರೆಸಬೇಕು. ಸೊನ್ನೆಯ ಆಸುಪಾಸು ಬಂದರೆ ಮಜ್ಜೆಯಲ್ಲಿ ಕೆಂಪು ಕಣ ಹುಟ್ಟುವುದೇ ನಿಂತಿದೆ.

ಇದಕ್ಕೆ ಒಂದು ಕಾರಣ ಪಾರ್ವೊವೈರಸ್ ಬಿ19. ಇದು ಮಜ್ಜೆಯಲ್ಲಿ ಬೆಳೆಯುತ್ತಿರುವ ಎಳೆಯ ಕೆಂಪು ಕಣಗಳನ್ನೇ ಹೊಕ್ಕು ಕೊಲ್ಲುತ್ತದೆ. ಮೈಮೇಲೆ ಕೆಂಪು ದದ್ದು, ಕೀಲುನೋವು ಕಾಣದಿದ್ದರೆ ವೈರಸ್ ಇಲ್ಲವೆಂದುಕೊಳ್ಳಬೇಡಿ: ಅವು ಪ್ರತಿಕಾಯಗಳಿಂದ (ಆಂಟಿಬಾಡಿ) ಬರುವ ಲಕ್ಷಣ, ಕಸಿಯಾದವರಲ್ಲಿ ಪ್ರತಿಕಾಯಗಳೇ ಕಡಿಮೆ. ಅದೇ ಕಾರಣಕ್ಕೆ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ ನೆಗೆಟಿವ್ ಬಂದರೂ ನಂಬುವಂತಿಲ್ಲ. ಬೇಕಾದದ್ದು ವೈರಸ್ಸಿನ ಡಿಎನ್ಎಯನ್ನೇ ಹುಡುಕುವ ರಕ್ತದ ಪಿಸಿಆರ್. ಸ್ಯಾಂಪಲ್ಲನ್ನು ರಕ್ತ ಹಾಕಿಸುವ ಮೊದಲೇ ಕೊಡಿ. ಮಜ್ಜೆಯ ಪರೀಕ್ಷೆಯನ್ನೂ ಹೇಳಬಹುದು. ದೈತ್ಯಗಾತ್ರದ ಎಳೆಯ ಕಣಗಳು ಕಂಡರೆ ಅನುಮಾನ ಗಟ್ಟಿಯಾಗುತ್ತದೆ.

ದಾನಿಯ ರಕ್ತದ ಗುಂಪು ಬೇರೆಯಾಗಿದ್ದರೂ, ಸೋಂಕು ತಡೆಯಲು ಕೊಡುವ ಕೋಟ್ರೈಮಾಕ್ಸಜೋಲ್‌ನಂಥ ಮಾತ್ರೆಯಿಂದಲೂ ಹೀಗಾಗಬಹುದು. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಪಿಸಿಆರ್ ಪಾಸಿಟಿವ್ ಬಂದು, ರೆಟಿಕ್ಯುಲೋಸೈಟ್ ಕೆಳಗೇ ಇದ್ದರೆ ಸಾಮಾನ್ಯ ಚಿಕಿತ್ಸೆ ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ನರಕ್ಕೆ ಹರಿಸುವುದು): ಕಿಲೋಗೆ ದಿನಕ್ಕೆ 400 ಮಿ.ಗ್ರಾಂ, ಐದು ದಿನ. 60 ಕಿಲೋ ತೂಕಕ್ಕೆ ದಿನಕ್ಕೆ 24 ಗ್ರಾಂ, ಒಟ್ಟು 120 ಗ್ರಾಂ. ಖರ್ಚು ದೊಡ್ಡದು, ಆದ್ದರಿಂದ ಎಸ್ಟಿಮೇಟ್ ಬರೆಸಿಕೊಂಡು ಸಮಾಜಸೇವಾ ವಿಭಾಗದವರನ್ನು ಮೊದಲೇ ಕಾಣಿ. ಬಾಟಲಿಯನ್ನು ನಿಧಾನ ಹರಿಸಬೇಕು. ಬೇಗ ಹರಿಸಿದರೆ ಚಳಿ, ಜ್ವರ, ತಲೆನೋವು. ಮೂತ್ರ ಕಡಿಮೆಯಾದರೆ ಆಗಲೇ ಹೇಳಿ, ಕಿಡ್ನಿಗೆ ಪೆಟ್ಟಾಗಬಹುದು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್ ಔಷಧಿಗಳ ಡೋಸನ್ನು ತಗ್ಗಿಸಬೇಕೋ ಬೇಡವೋ ಎಂಬುದು ಕಸಿ ವೈದ್ಯರ ತೀರ್ಮಾನ. ಐವಿಐಜಿ ಕೊಟ್ಟಮೇಲೆ ಈ ವೈರಸ್ಸಿನ ಪ್ರತಿಕಾಯ ನೋಡುವ ಐಜಿಜಿ ಪರೀಕ್ಷೆ ಮಾಡಿಸುವುದು ದಂಡ. ಕಾಣುವುದು ಬಾಟಲಿಯ ಪ್ರತಿಕಾಯ.

ಊರಲ್ಲಿ ರಕ್ತ ಹಾಕಿಸುವುದಾದರೆ ಇರ‍್ರೇಡಿಯೇಟ್ ಮಾಡಿದ (ವಿಕಿರಣ ಹಾಯಿಸಿದ), ಬಿಳಿಕಣ ಸೋಸಿದ ಚೀಲವೇ ಬೇಕೆಂಬ ಚೀಟಿಯನ್ನೂ ಈಗಿನ ರಕ್ತದ ಗುಂಪಿನ ವಿವರವನ್ನೂ ಮುಂಬಯಿಯಿಂದಲೇ ಒಯ್ಯಿರಿ. ಕೈಗೆ ಸ್ಯಾನಿಟೈಸರ್ ಸಾಲದು, ಈ ವೈರಸ್‌ಗೆ ಆಲ್ಕೋಹಾಲ್ ಅಷ್ಟಾಗಿ ತಟ್ಟುವುದಿಲ್ಲ. ಸೋಪು, ನೀರು ಬಳಸಿ. ಎದೆನೋವು, ಕೂತಲ್ಲೇ ಏದುಸಿರು ಬಂದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಕ್ಯಾಶುವಾಲ್ಟಿಗೆ ಹೋಗಿ.

ಗುಣದ ಮೊದಲ ಗುರುತು ರೆಟಿಕ್ಯುಲೋಸೈಟ್ ಏರುವುದು, ಹಿಮೋಗ್ಲೋಬಿನ್ ಅದರ ಹಿಂದೆ ಬರುತ್ತದೆ. ವೈರಸ್ ಮರುಕಳಿಸುವುದುಂಟು. ಹಾಗಾಗಿ ಮುಂದಿನ ಕೆಲವು ತಿಂಗಳು ಸಿಬಿಸಿ ಬರೆಸುವಾಗಲೆಲ್ಲ ರೆಟಿಕ್ಯುಲೋಸೈಟನ್ನೂ ಸೇರಿಸಲು ಹೇಳಿ.