ಕ್ಯಾರವಾನ್‌ಗೆ ಬೇರೆ ಡಿಟಿಎಚ್: ಮೊದಲು ಮರ ನೋಡಿ, ಆಮೇಲೆ ಪ್ಯಾಕ್

ನಮ್ಮದು ಹಾಸನ. ಹಳೇ ಟೆಂಪೋ ಟ್ರಾವೆಲರ್ ಒಂದರ ಸೀಟು ಕಿತ್ತು, ಮಂಚ, ಸ್ಟೌ, ಪುಟ್ಟ ಟಿವಿ ಹಾಕಿಸಿಕೊಂಡಿದ್ದೇವೆ. ಹೊರಡುವುದು ವರ್ಷಕ್ಕೆ ಆರೇಳು ಸಲ ಅಷ್ಟೇ. ಇಷ್ಟಕ್ಕೆ ತಿಂಗಳು ತಿಂಗಳು ರೀಚಾರ್ಜ್ ಯಾಕೆ ಅಂತ ಟಾಟಾ ಪ್ಲೇ ಬಿಟ್ಟು ಡಿಡಿ ಫ್ರೀ ಡಿಶ್ ಹಾಕಿಕೊಂಡೆ. ಡಿಡಿ ಚಂದನ ಬರುತ್ತದೆ. ಮನೆಯಲ್ಲಿ ಧಾರಾವಾಹಿ ನೋಡುವವರಿದ್ದರೆ ಅವರನ್ನು ಕೇಳದೆ ಈ ಕೆಲಸಕ್ಕೆ ಕೈ ಹಾಕಬೇಡಿ, ನಾನು ಹಾಕಿದ್ದೆ.

ಬಾಕ್ಸ್ ಬದಲಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಕಂಪನಿ ಬದಲಾದರೆ ಉಪಗ್ರಹವೂ ಬದಲಾಗುತ್ತದೆ, ಅದು ಇರುವ ದಿಕ್ಕೂ ಬದಲಾಗುತ್ತದೆ. ಟಾಟಾ ಪ್ಲೇ 83 ಡಿಗ್ರಿ ಪೂರ್ವ ರೇಖಾಂಶದಲ್ಲಿ (ಇದು ಭೂಪಟದ ಲೆಕ್ಕ, ದಿಕ್ಸೂಚಿಯದ್ದಲ್ಲ), ಡಿ2ಎಚ್ 88, ಫ್ರೀ ಡಿಶ್‌ನ ಜಿಸ್ಯಾಟ್-15 ಇರುವುದು 93.5, ಡಿಶ್ ಟಿವಿ 95, ಏರ್‌ಟೆಲ್ 108.2. ಅಂದಹಾಗೆ ಈ ಜಿಸ್ಯಾಟ್‌ಗಳನ್ನು ನೋಡಿಕೊಳ್ಳುವುದು ನಮ್ಮೂರಿನಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್. ಹಾಗಂತ ಹಾಸನದವರಿಗೆ ಸಿಗ್ನಲ್ ಜಾಸ್ತಿ ಏನೂ ಬರುವುದಿಲ್ಲ!

ನಮ್ಮ ಕಡೆಯಿಂದ ನೋಡಿದರೆ 83ರ ಉಪಗ್ರಹ ಹೆಚ್ಚುಕಮ್ಮಿ ನೆತ್ತಿಯ ಮೇಲಿದೆ, ಸುಮಾರು 73 ಡಿಗ್ರಿ ಎತ್ತರ. 93.5ರದ್ದು 65. 108.2ರದ್ದು ಬರೀ 50. ಬಯಲುಸೀಮೆಯಲ್ಲಿ ಇದು ಯಾರಿಗೂ ಲೆಕ್ಕಕ್ಕಿಲ್ಲ. ಸಕಲೇಶಪುರದ ಕಡೆಯೋ ಚಿಕ್ಕಮಗಳೂರಿನ ಕಡೆಯೋ ಕಾಫಿ ತೋಟದಲ್ಲಿ ವ್ಯಾನ್ ನಿಲ್ಲಿಸುತ್ತೀರಿ ಅಂದರೆ ಆಟವೇ ಬೇರೆ, ಯಾಕೆಂದರೆ ಡಿಶ್‌ಗಿಂತ 50 ಅಡಿ ಎತ್ತರ ನಿಂತ ಸಿಲ್ವರ್ ಓಕ್ ಎದುರಿಗಿದ್ದರೆ ಟಾಟಾ ಪ್ಲೇಗೆ 15-16 ಅಡಿ ದೂರ ಸಾಕು, ಫ್ರೀ ಡಿಶ್‌ಗೆ 24 ಅಡಿ ಬೇಕು, ಏರ್‌ಟೆಲ್‌ಗೆ 42. ತೋಟದಲ್ಲಿ ಅಷ್ಟು ಜಾಗ ಎಲ್ಲಿರುತ್ತದೆ? ಕಾಡಲ್ಲೇ ಜಾಸ್ತಿ ತಿರುಗುವವರು ಪ್ಯಾಕಿನ ಬೆಲೆಗಿಂತ ಇದನ್ನು ಮೊದಲು ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಹಳೇ ಬಾಕ್ಸ್ ಹೊಸ ಕಂಪನಿಗೆ ಆಗುವುದಿಲ್ಲ. ಎಲ್ಲಕ್ಕೂ ಒಂದೇ ಬಾಕ್ಸ್ ಸಾಕಾಗುವಂತಿರಬೇಕು ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2020ರಲ್ಲೇ ಶಿಫಾರಸು ಮಾಡಿತ್ತು, ಅದನ್ನು ನಂಬಿ ಕೂರಬೇಡಿ. ಫ್ರೀ ಡಿಶ್‌ಗಾದರೆ ಎಂಪೆಗ್-4 (ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ಬಗೆ) ಬಾಕ್ಸ್ ತಗೊಳ್ಳಿ, ಹಳೇ ಬಗೆಯ ಎಂಪೆಗ್-2 ಚಾನೆಲ್ಲೂ ಅದರಲ್ಲೇ ಬರುತ್ತವೆ. ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಇರುವ ಬಾಕ್ಸ್ ಸಿಕ್ಕಿದರೆ ಇನ್ವರ್ಟರ್ ಬೇಡ. ಆದರೆ ನೇರ ಬ್ಯಾಟರಿಗೆ ಕೊಡಬೇಡಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟ್ ದಾಟುತ್ತದೆ, ನಡುವೆ 12 ವೋಲ್ಟ್‌ಗೇ ನಿಲ್ಲಿಸುವ ಒಂದು ರೆಗ್ಯುಲೇಟರ್ ಇರಲಿ.

ಡಿಶ್, ಕೇಬಲ್ ಹಳೆಯದೇ ಸಾಕು. ಎಲ್‌ಎನ್‌ಬಿ (ಡಿಶ್ ಮುಂದಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿ) ಮೇಲೆ 9750/10600 ಅಂತ ಬರೆದಿದ್ದರೆ ಅದೂ ನಡೆಯುತ್ತದೆ, ಬಾಕ್ಸಿನ ಮೆನುವಿನಲ್ಲಿ ಯುನಿವರ್ಸಲ್ ಅಂತ ಆರಿಸಿ. ಕೇಬಲ್ ಬಿಚ್ಚುವ ಮೊದಲು ಬಾಕ್ಸ್ ಆಫ್ ಮಾಡಿ, ಅದರಲ್ಲಿ 13-18 ವೋಲ್ಟ್ ಹರಿಯುತ್ತಿರುತ್ತದೆ.

ಈಗ ತಿರುಗಿಸುವ ಕೆಲಸ. ನನ್ನ ಡಿಶ್ ಮೂರು ಕಾಲಿನ ಸ್ಟ್ಯಾಂಡ್ ಮೇಲೆ ನೆಲದಲ್ಲಿ ನಿಲ್ಲುತ್ತದೆ, ಗಾಳಿಗೆ ಬೀಳದಂತೆ ನೀರಿನ ಕ್ಯಾನ್ ನೇತುಹಾಕುತ್ತೇನೆ. ಕಂಬ ನೇರ ಇದೆಯಾ ಅಂತ ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ. ಕಂಬ ವಾಲಿದ್ದರೆ ಡಿಶ್ ಹಿಂದಿನ ಡಿಗ್ರಿ ಪಟ್ಟಿ ಸುಳ್ಳು ಹೇಳುತ್ತದೆ. ವ್ಯಾನಿನ ಕಬ್ಬಿಣದಿಂದ ದೂರ ಬಂದು ಫೋನಿನ ದಿಕ್ಸೂಚಿ ನೋಡಿ: ಟಾಟಾ ಪ್ಲೇಗೆ 152 ಇತ್ತು, ಫ್ರೀ ಡಿಶ್‌ಗೆ 126, ಅಂದರೆ ಸುಮಾರು ಆಗ್ನೇಯಕ್ಕೆ. ಎತ್ತರ 65ಕ್ಕೆ ಇಡಿ. ಡಿಶ್ ಅಷ್ಟು ಮೇಲೆ ನೋಡುತ್ತಿಲ್ಲವಲ್ಲಾ ಅನ್ನಿಸುತ್ತದೆ, ಅದರ ಆಕಾರವೇ ಹಾಗೆ, ಪಟ್ಟಿಯನ್ನು ನಂಬಿ. ಆಮೇಲೆ ಎಲ್ಲರೂ ಮರೆಯುವುದು ಎಲ್‌ಎನ್‌ಬಿಯ ಓರೆ. 83ರಿಂದ 93.5ಕ್ಕೆ ಬಂದರೆ ಅದನ್ನೂ ಹತ್ತಿರ ಹತ್ತಿರ 25 ಡಿಗ್ರಿ ತಿರುಗಿಸಬೇಕು, ಡಿಶ್ ಹಿಂದೆ ನಿಂತು ನೋಡಿದರೆ ಗಡಿಯಾರದ ಮುಳ್ಳಿಗೆ ಎದುರಾಗಿ.

ಪರದೆಯಲ್ಲಿ ಎರಡು ಪಟ್ಟಿ ಕಾಣುತ್ತವೆ. ಸ್ಟ್ರೆಂತ್ ಎಷ್ಟಿದ್ದರೂ ನಂಬಬೇಡಿ, ಎಲ್‌ಎನ್‌ಬಿಗೆ ಕರೆಂಟ್ ಹೋದರೇ ಅದು ಸ್ವಲ್ಪ ಏರುತ್ತದೆ. ಕ್ವಾಲಿಟಿ ಏರಬೇಕು. ಕೂದಲೆಳೆಯಷ್ಟು ತಿರುಗಿಸಿ, ಮೂರು ಸೆಕೆಂಡ್ ಕಾಯಿರಿ, ಮತ್ತೆ ತಿರುಗಿಸಿ. ಅಗ್ಗದ ಸಿಗ್ನಲ್ ಮೀಟರ್ ಯಾವ ಉಪಗ್ರಹ ಸಿಕ್ಕಿದರೂ ಕೂಗುತ್ತದೆ. 95ರಲ್ಲಿರುವುದು ಪಕ್ಕದಲ್ಲೇ ಇದೆಯಲ್ಲ, ಅದಕ್ಕೇ ಗಂಟು ಬಿದ್ದು ಬೇಲೂರಿನ ಹತ್ತಿರ ನಾನು ಒಂದು ಸಂಜೆ ಪೂರ್ತಿ ಕಳೆದೆ.

ಚಾವಣಿ ಮೇಲೆ ಉಪಗ್ರಹವನ್ನು ತಾನೇ ಹುಡುಕುವ ಡೋಮ್ ಆಂಟೆನಾ ಇದ್ದರೆ ಇಷ್ಟೆಲ್ಲ ಬೇಡ, ಅದರ ಉಪಗ್ರಹಗಳ ಪಟ್ಟಿಯಲ್ಲಿ 93.5 ಇದೆಯಾ ಅಂತ ಮಾತ್ರ ನೋಡಿ. ಯುರೋಪಿಗೆ ಮಾಡಿದ್ದಾದರೆ 13, 19.2 ಅಂತಲೇ ಇರಬಹುದು.

ಕೊನೆಗೆ ಕೇಬಲ್ ತುದಿಗೆ ಟೇಪ್ ಬಿಗಿಯಾಗಿ ಸುತ್ತಿ, ನಮ್ಮ ಮಳೆ ಗೊತ್ತಲ್ವಾ. ಮಳೆ ಜೋರಾಗಿ ಚಿತ್ರ ಹೋದರೆ ಮಾತ್ರ ಡಿಶ್ ಮುಟ್ಟಬೇಡಿ. ಸುಮ್ನೆ ಕಾಫಿ ಕುಡಿಯುತ್ತಾ ಕೂತಿರಿ, ಮಳೆ ತಗ್ಗಿದ ಮೇಲೆ ತಾನೇ ಬರುತ್ತದೆ.