ಸಿಂಥೆಟಿಕ್ ಆಯಿಲ್ ಯಾವಾಗ ಬದಲಿಸಬೇಕು? ಮೀಟರ್ ಒಂದನ್ನೇ ಕೇಳಬೇಡಿ

ನಮ್ಮ ಮನೆ ಇರುವುದು ಬಾಗಲಕೋಟೆಯ ನವನಗರದಲ್ಲಿ. ಕೆಲಸ ಹಳೆ ಊರಿನಲ್ಲಿ. ಕಾರು ಬೆಳಿಗ್ಗೆ ನಾಲ್ಕೈದು ಕಿ.ಮೀ. ಓಡಿ ನಿಲ್ಲುತ್ತದೆ, ಸಂಜೆ ಮತ್ತೆ ಅಷ್ಟೇ ಓಡಿ ಮನೆ ಸೇರುತ್ತದೆ. ವರ್ಷಕ್ಕೆ ಹೆಚ್ಚೆಂದರೆ 4,500 ಕಿ.ಮೀ. ಎದುರು ಮನೆಯ ಕಾಕಾ ಹಾಗಲ್ಲ. ಅಂಗಡಿ ಮಾಲಿಗೆಂದು ವಾರಕ್ಕೊಮ್ಮೆ ಲೋಕಾಪುರ, ಯರಗಟ್ಟಿ ದಾಟಿ ಬೆಳಗಾವಿಗೆ ಹೋಗಿ ಬರುತ್ತಾರೆ. ಅವರ ಮೀಟರ್ ವರ್ಷಕ್ಕೆ 20,000 ದಾಟುತ್ತದೆ. ಇಬ್ಬರದೂ ಒಂದೇ ಮಾಡೆಲ್ಲಿನ ಪೆಟ್ರೋಲ್ ಕಾರು, ಒಂದೇ ಬ್ರ್ಯಾಂಡಿನ ಸಿಂಥೆಟಿಕ್ ಎಂಜಿನ್ ಆಯಿಲ್. ಒಂದೊಂದು ಕಿಲೋಮೀಟರಿಗೆ ಯಾರ ಆಯಿಲ್ ಜಾಸ್ತಿ ಕೆಡುತ್ತದೆ ಅಂದರೆ, ನನ್ನದು!

ಇದು ಗೊತ್ತಾಗಿದ್ದು 2021ರಲ್ಲಿ. ಲಾಕ್‌ಡೌನಿನಲ್ಲಿ ಕಾರು ಹೆಚ್ಚುಕಡಿಮೆ ನಿಂತೇ ಇತ್ತು. ‘ಇನ್ನೂ 3,000 ಕಿ.ಮೀ. ಕೂಡ ಆಗಿಲ್ಲ’ ಅಂತ ನಾನೂ ಸುಮ್ನೆ ಇದ್ದೆ. ಒಂದೂವರೆ ವರ್ಷ ಕಳೆದ ಮೇಲೆ ಗ್ಯಾರೇಜಿಗೆ ಒಯ್ದಾಗ ಮಿಸ್ತ್ರಿ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ನನ್ನ ಮುಂದೆ ಹಿಡಿದ. ಒಳಗಡೆ ಬೆಣ್ಣೆಯಂಥ ಹಳದಿ ಲೋಳೆ. ‘ಸರ್, ಗಾಡಿ ಓಡಿದ್ರಷ್ಟ ಆಯಿಲ್ ಕೆಡತೈತಿ ಅನ್ಕೋಬ್ಯಾಡ್ರಿ. ನಿಂತ್ರೂ ಕೆಡತೈತ್ರಿ’ ಅಂದ.

ಮೊದಲು ಪುಸ್ತಕ ತೆಗೆಯಿರಿ

ಕಾರಿನ ಜೊತೆ ಬಂದ ಪುಸ್ತಕ ಡ್ಯಾಶ್‌ಬೋರ್ಡಿನ ಖಾನೆಯಲ್ಲೇ ಇರುತ್ತದೆ. ಕವರ್ ಕೂಡ ಬಿಚ್ಚಿರುವುದಿಲ್ಲ, ಅಲ್ವಾ? ಅದರಲ್ಲಿ ಸರ್ವಿಸ್ ಪಟ್ಟಿ ಹುಡುಕಿ. ನಮ್ಮಲ್ಲಿ ಓಡುವ ಬಹಳಷ್ಟು ಪೆಟ್ರೋಲ್ ಕಾರುಗಳಿಗೆ 10,000 ಕಿ.ಮೀ. ಅಥವಾ 1 ವರ್ಷ ಎಂದಿರುತ್ತದೆ. ಕೆಲವಕ್ಕೆ 15,000 ಕಿ.ಮೀ. ಇರುವುದೂ ಉಂಟು. ಪಕ್ಕದಲ್ಲೇ ‘ಯಾವುದು ಮೊದಲೋ ಅದು’ ಎಂದು ಬರೆದಿರುತ್ತಾರೆ. ನಾನು ಎಡವಿದ್ದು ಈ ಮೂರು ಪದಗಳಲ್ಲೇ.

ಅಲ್ಲಿಗೇ ಪುಸ್ತಕ ಮುಚ್ಚಬೇಡಿ. ಮುಂದಿನ ಪುಟದಲ್ಲೋ ಪಟ್ಟಿಯ ಕೆಳಗೋ ಕಠಿಣ ಬಳಕೆಗೆ ಬೇರೆ ಲೆಕ್ಕ ಇರುತ್ತದೆ. ಧೂಳಿನ ರಸ್ತೆ, ಪದೇ ಪದೇ ಸಣ್ಣ ಓಡಾಟ, ಎಂಜಿನ್ ಚಾಲೂ ಇಟ್ಟು ತುಂಬಾ ಹೊತ್ತು ನಿಲ್ಲಿಸುವುದು, ವಿಪರೀತ ಸೆಕೆ, ಭಾರ ಎಳೆಯುವುದು, ಇವೆಲ್ಲ ಆ ಪಟ್ಟಿಯಲ್ಲಿ ಬರುತ್ತವೆ. ಓದುತ್ತಾ ಹೋದರೆ ನಮ್ಮ ಜಿಲ್ಲೆಯನ್ನು ನೋಡಿಯೇ ಬರೆದರೇನೋ ಅನಿಸುತ್ತದೆ.

ಒಂದು ವಾರ ಬರೆದಿಡಿ

ಪ್ರತಿ ಸಲ ಕಾರು ತೆಗೆದಾಗ ಎಷ್ಟು ಓಡಿತು ಅಂತ ಒಂದು ವಾರ ಮೊಬೈಲಿನಲ್ಲೇ ಬರೆಯಿರಿ. ವಾರದ ಒಟ್ಟು ಮೊತ್ತ ಬೇಡ, ಒಂದೊಂದು ಓಟದ ಉದ್ದ ಬೇಕು.

ಯಾಕೆ ಅಂದರೆ, ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ಎಂಜಿನ್ ತಣ್ಣಗಿರುವಾಗ ಪೂರ್ತಿ ಉರಿಯದ ಪೆಟ್ರೋಲೂ ಹಾಗೇ ಇಳಿಯುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಇವೆಲ್ಲ ಆವಿಯಾಗಿ ಹೋಗುತ್ತವೆ. ಆದರೆ ಕಾಯಬೇಕಲ್ಲ! ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂತು ಅಂದರೆ ಎಂಜಿನ್ ತಣಿಸುವ ದ್ರವ, ಅಂದರೆ ಕೂಲಂಟ್, ಕಾದಿದೆ ಅಂತ ಅಷ್ಟೇ. ಆಯಿಲ್ ಅದಕ್ಕಿಂತ ನಿಧಾನ. ನನ್ನ ಕಾರಿನ ಆಯಿಲ್ ಬಿಸಿಯಾಗುವಷ್ಟರಲ್ಲಿ ಆಫೀಸು ಬಂದಿರುತ್ತದೆ. ಒದ್ದೆ ಬಟ್ಟೆ ಬಿಸಿಲಿಗೆ ಹರವದೆ ದಿನಾ ಮಡಚಿ ಇಟ್ಟ ಹಾಗೆ. ಕಾಕಾರ ಕಾರು ಬೆಳಗಾವಿ ಮುಟ್ಟುವ ಹೊತ್ತಿಗೆ ಆಯಿಲ್ ಕಾದು ತಾನೇ ಒಣಗಿರುತ್ತದೆ.

ಒಂದು ಮಾತು ಹೇಳಬೇಕು. ಸಣ್ಣ ಓಡಾಟದ ಬಗ್ಗೆ ಇಷ್ಟು ಹೆದರಿಸುವ ಬರಹಗಳಲ್ಲಿ ಬಹಳಷ್ಟು ಹಿಮ ಬೀಳುವ ದೇಶಗಳಿಂದ ಬಂದವು. ಏಪ್ರಿಲ್, ಮೇನಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿ ಎಂಜಿನ್ ಕಾಯಲು ಅಷ್ಟು ಹೊತ್ತು ಬೇಕಿಲ್ಲ. ಹಾಗಾಗಿ ಎರಡು ತಿಂಗಳಿಗೊಮ್ಮೆ ಬದಲಿಸಬೇಕು ಅಂತ ಗಾಬರಿಯಾಗಬೇಡಿ. ಮಳೆಗಾಲದ ಬೆಳಗಾವಿಯಲ್ಲಿ ಪೇಟೆ ತಿರುಗುವವರು ಸ್ವಲ್ಪ ಜಾಸ್ತಿ ಎಚ್ಚರ ವಹಿಸಿದರೆ ಸಾಕು. ಹದಿನೈದು ದಿನಕ್ಕೊಮ್ಮೆ ಮುಕ್ಕಾಲು ತಾಸು ಹೈವೇ ಮೇಲೆ ಓಡಿಸುವುದು ಒಳ್ಳೆಯದು. ನಾವು ಆ ನೆಪದಲ್ಲಿ ಕೂಡಲಸಂಗಮಕ್ಕೆ ಹೋಗಿ ಬರುತ್ತೇವೆ.

ಧೂಳಿನ ಲೆಕ್ಕ

ಇಳಕಲ್ ಕಡೆ ಗ್ರಾನೈಟ್ ಕ್ವಾರಿಗಳ ನಡುವೆ ಓಡಾಡುವವರು, ಬೇಸಿಗೆಯಲ್ಲಿ ಎರೆ ಹೊಲದ ದಾರಿಯಲ್ಲಿ ದಿನಾ ತೋಟಕ್ಕೆ ಹೋಗುವವರು ಏರ್ ಫಿಲ್ಟರನ್ನು ಆಯಿಲ್‌ಗಿಂತ ಮೊದಲು ನೋಡಬೇಕು. ಕಲ್ಲಿನ ಪುಡಿ ಫಿಲ್ಟರ್ ದಾಟಿ ಒಳಗೆ ಹೋದರೆ ಸಿಲಿಂಡರನ್ನು ಉಜ್ಜಿ ಹಾಕುತ್ತದೆ. ಎಷ್ಟೇ ದುಬಾರಿ ಆಯಿಲ್ ಹಾಕಿದರೂ ಅದನ್ನು ತಡೆಯಲು ಆಗುವುದಿಲ್ಲ. ಕಬ್ಬಿನ ಸೀಜನ್ನಿನಲ್ಲಿ ಮುಧೋಳ, ಜಮಖಂಡಿ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಿಂದೆ ಸೆಕೆಂಡ್ ಗೇರಿನಲ್ಲಿ ಹೋಗುವ ಕಿಲೋಮೀಟರನ್ನೂ ಮೀಟರ್ ಒಂದೇ ಅಂತ ಎಣಿಸುತ್ತದೆ. ಎಂಜಿನ್ ಮಾತ್ರ ಅಷ್ಟಕ್ಕೇ ಎಷ್ಟೋ ಹೊತ್ತು ತಿರುಗಿರುತ್ತದೆ.

ಡಬ್ಬಿ ಮೇಲೆ ಏನಿದೆ?

ಸಿಂಥೆಟಿಕ್ ಆಯಿಲ್ ಹಳೆ ಬಗೆಯ ಮಿನರಲ್ ಆಯಿಲ್‌ಗಿಂತ ಬಿಸಿ ಚೆನ್ನಾಗಿ ತಡೆಯುತ್ತದೆ, ಬೇಗ ಗಟ್ಟಿಯಾಗುವುದಿಲ್ಲ. 5,000 ಕಿ.ಮೀ.ಗೆ ಬದಲಿಸಿ ಅನ್ನುವುದು ಮಿನರಲ್ ಆಯಿಲ್ ಕಾಲದ ಮಾತು. ಕೆಲವು ಗ್ಯಾರೇಜುಗಳಲ್ಲಿ ಅದೇ ಇನ್ನೂ ನಡೆದಿದೆ. ಹಾಗಂತ ಸಿಂಥೆಟಿಕ್ ಅಮೃತವೇನೂ ಅಲ್ಲ. ಆಮ್ಲವನ್ನು ತಣಿಸಲು, ಮಸಿ ಕೂಡದಂತೆ ನೋಡಿಕೊಳ್ಳಲು ಅದರಲ್ಲಿ ಬೆರೆಸಿದ ರಾಸಾಯನಿಕಗಳು ದಿನ ಕಳೆದಂತೆ ಖರ್ಚಾಗುತ್ತವೆ. ನೀರು, ಪೆಟ್ರೋಲ್ ಸೇರಿದರೆ ಅದೂ ಕೆಡುತ್ತದೆ.

ಪುಸ್ತಕದಲ್ಲಿ ಆಯಿಲ್ ದಪ್ಪದ ಗ್ರೇಡ್ 0ಡಬ್ಲ್ಯೂ-20 (0W-20) ಅಂತಿದ್ದರೆ ಅದನ್ನೇ ಹಾಕಿ. ‘ನಮ್ಮ ಕಡೆ ಸೆಕೆ ಜಾಸ್ತಿ, ದಪ್ಪ ಆಯಿಲ್ ಹಾಕೋಣ’ ಅಂದರೆ ಒಪ್ಪಬೇಡಿ. ಬೇರೆ ಗ್ರೇಡಿಗೆ ಅವಕಾಶ ಇದ್ದರೆ ಅದೂ ಪುಸ್ತಕದಲ್ಲೇ ಇರುತ್ತದೆ. ಪೆಟ್ರೋಲ್ ಕಾರಿಗೆ ಎಪಿಐ ಎಸ್‌ಪಿ (API SP) ಗುರುತು ನೋಡಿ, ಅದು 2020ರಲ್ಲಿ ಬಂದ ಗುಣಮಟ್ಟದ ದರ್ಜೆ. ಬಿಎಸ್6 ಡೀಸೆಲ್ ಕಾರಿನ ಸೈಲೆನ್ಸರ್ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದ್ದರೆ, ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ತಪ್ಪು ಆಯಿಲ್ ಹಾಕಿದರೆ ಆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದನ್ನು ಬದಲಿಸುವ ಖರ್ಚಿನ ಮುಂದೆ ಆಯಿಲ್ ಬೆಲೆ ಲೆಕ್ಕಕ್ಕೇ ಇಲ್ಲ.

ಈಗ ನಿಮ್ಮ ಅಂಕಿ ಹಾಕಿ

ನಾನು ಹೀಗೆ ಲೆಕ್ಕ ಹಾಕುತ್ತೇನೆ. ಹೈವೇ ಓಟವೇ ಹೆಚ್ಚಿದ್ದರೆ ಪುಸ್ತಕದ ಪೂರ್ತಿ ಅಂಕಿ, ಅಂದರೆ 10,000. ಕಾಕಾ ವರ್ಷಕ್ಕೆ ಎರಡು ಸಲ ಬದಲಿಸುತ್ತಾರೆ, ಸರಿಯಾಗಿದೆ. ಊರೊಳಗಿನ ಓಡಾಟ ಅರ್ಧಕ್ಕಿಂತ ಜಾಸ್ತಿ ಇದ್ದರೆ 7,500. ಕ್ವಾರಿ, ಹೊಲದ ದಾರಿ ದಿನಾ ಇದ್ದರೆ 5,000. ಪುಸ್ತಕದ ಕಠಿಣ ಬಳಕೆಯ ಅಂಕಿ ಇದಕ್ಕಿಂತ ಕಡಿಮೆ ಇದ್ದರೆ ಅದನ್ನೇ ಹಿಡಿಯಿರಿ. ನನ್ನಂತೆ ಕಡಿಮೆ ಓಡಿಸುವವರಿಗೆ ಕಿ.ಮೀ. ಲೆಕ್ಕ ಬೇಕೇ ಇಲ್ಲ, ತಾರೀಖು ನೋಡಿ. ವರ್ಷಕ್ಕೊಮ್ಮೆ ಬದಲಿಸಲೇಬೇಕು. ಮುಚ್ಚಳದಲ್ಲಿ ಲೋಳೆ ಕಂಡರೆ ಇನ್ನೂ ಬೇಗ. ಟರ್ಬೊ ಪೆಟ್ರೋಲ್ ಎಂಜಿನ್ ಇದ್ದರೆ ಯಾವ ಲೆಕ್ಕದಲ್ಲಾದರೂ ಸಾವಿರ, ಎರಡು ಸಾವಿರ ಕಡಿಮೆ ಮಾಡಿ. ಟರ್ಬೊ ಕಾಯುವ ಬಿಸಿಯೇ ಬೇರೆ.

ಡಬ್ಬಿ ಮೇಲೆ 20,000 ಕಿ.ಮೀ. ಅಂತ ಬರೆದಿದೆ ಅಂತ ಪುಸ್ತಕ ಮೀರಬೇಡಿ. ವಾರಂಟಿ ಕೇಳಲು ಹೋದಾಗ ಡಬ್ಬಿ ಕೆಲಸಕ್ಕೆ ಬರುವುದಿಲ್ಲ. ಬಿಲ್ಲುಗಳನ್ನು ಇಟ್ಟುಕೊಳ್ಳಿ.

ತಿಂಗಳಿಗೊಮ್ಮೆ ಕಡ್ಡಿ ನೋಡಿ

ಸಮ ನೆಲದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಹತ್ತು ನಿಮಿಷ ಬಿಡಿ. ಮಟ್ಟ ಅಳೆಯುವ ಆಯಿಲ್ ಕಡ್ಡಿ ಎಳೆದು ನೂಲು ಬಿಡದ ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ಎಳೆಯಿರಿ. ಮೊದಲ ಸಲ ಕಂಡದ್ದನ್ನು ನಂಬಬೇಡಿ, ಅದು ಕೊಳವೆಗೆ ಮೆತ್ತಿದ ಆಯಿಲ್ ಇರಬಹುದು. ಎರಡು ಗುರುತುಗಳ ನಡುವೆ ಇದ್ದರೆ ಆಯಿತು. ಕೆಳಗಿನ ಗುರುತಿಗೆ ಬಂದಿದ್ದರೆ ಸ್ವಲ್ಪ ಸ್ವಲ್ಪವೇ ಹಾಕಿ ಮತ್ತೆ ನೋಡಿ.

ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಹೊಸ ಆಯಿಲ್ ಹಾಕಿದ ಕೆಲವೇ ದಿನಕ್ಕೆ ಡೀಸೆಲ್ ಕಾರಿನಲ್ಲಿ ಅದು ಕಾಡಿಗೆಯಂತೆ ಆಗುತ್ತದೆ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಹೆದರಬೇಕಾದ್ದು ಬೇರೆ ಇದೆ. ಡೀಸೆಲ್ ಕಾರಿನಲ್ಲಿ ಮಟ್ಟ ಇಳಿಯುವ ಬದಲು ಏರಿದ್ದರೆ, ಡಿಪಿಎಫ್ ತಾನು ಹಿಡಿದ ಮಸಿಯನ್ನು ಸುಟ್ಟುಕೊಳ್ಳುವ ಕೆಲಸ ಅರ್ಧಕ್ಕೇ ನಿಂತು ಆಯಿಲ್‌ಗೆ ಡೀಸೆಲ್ ಇಳಿಯುತ್ತಿರಬಹುದು. ಅಂಥ ಕಾರನ್ನು ಊರೊಳಗೇ ಓಡಿಸಿದರೆ ಹೀಗಾಗುತ್ತದೆ. ಕಡ್ಡಿಯಲ್ಲೇ ಹಾಲು ಬೆರೆಸಿದ ಚಹಾದ ಬಣ್ಣ ಬಂದು ಕೂಲಂಟೂ ಕಡಿಮೆಯಾಗಿದ್ದರೆ ಕಾರು ಓಡಿಸಲೇಬೇಡಿ.

ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಆಯಿಲ್ ದೀಪ ಹತ್ತಿದರೆ ‘ಸರ್ವಿಸ್ ಟೈಮ್ ಆಯ್ತು’ ಅಂತ ಅಲ್ಲ. ಆಯಿಲ್ ಪ್ರೆಶರ್ ಇಲ್ಲ ಅಂತ. ಪಕ್ಕಕ್ಕೆ ಹಾಕಿ ತಕ್ಷಣ ಎಂಜಿನ್ ಬಂದ್ ಮಾಡಿ. ‘ಮುಂದಿನ ಊರಿನವರೆಗೆ ಹೋಗೋಣ’ ಅಂದರೆ ಎಂಜಿನ್ ಬಿಚ್ಚಿಸಬೇಕಾದೀತು.

ಗ್ಯಾರೇಜಿನಲ್ಲಿ ನಿಂತು ನೋಡಿ

ಡಬ್ಬಿಯ ಸೀಲ್ ನಿಮ್ಮ ಎದುರೇ ಒಡೆಯಲಿ. ಆಯಿಲ್ ಫಿಲ್ಟರ್ ಪ್ರತಿ ಸಲ ಹೊಸದು ಹಾಕಿಸಿ. ಕೆಳಗಿನ ಡ್ರೇನ್ ಬೋಲ್ಟಿನ ವಾಷರ್ ಕೂಡ ಬದಲಿಸಲು ಹೇಳಿ, ಅದರ ಬೆಲೆ ಏನೂ ಅಲ್ಲ. ಎಷ್ಟು ಲೀಟರ್ ಹಿಡಿಯುತ್ತದೆ ಅಂತ ಪುಸ್ತಕ ನೋಡಿಕೊಂಡು ಹೋಗಿ. ಸಣ್ಣ ಪೆಟ್ರೋಲ್ ಕಾರಿಗೆ ಮೂರು, ಮೂರೂವರೆ ಲೀಟರ್ ಸಾಕಾಗುತ್ತದೆ. ನಾಲ್ಕು ಲೀಟರಿನ ಡಬ್ಬಿ ಪೂರ್ತಿ ಸುರಿಯುವವರಿದ್ದಾರೆ, ಉಳಿದದ್ದನ್ನು ಮನೆಗೆ ತನ್ನಿ. ತಾರೀಖು, ಮೀಟರ್ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಅಂಟಿಸಿ.

ಹಳೆ ಆಯಿಲ್ ಗ್ಯಾರೇಜಿನ ಡ್ರಮ್ಮಿಗೇ ಹೋಗಲಿ. ಗೆದ್ದಲು ಬರಬಾರದು ಅಂತ ಬಾಗಿಲು, ಕಂಬಕ್ಕೆ ಬಳಿಯಲು ನಮ್ಮೂರಲ್ಲಿ ಜನ ಕೇಳಿ ಒಯ್ಯುತ್ತಾರೆ. ಕೊಡಬೇಡಿ, ಅದು ಬಾವಿ, ಬೋರ್‌ವೆಲ್ ನೀರಿಗೆ ಸೇರಬಾರದು.