ಫಿಸಿಕ್ಸ್ 2ಎ ಅಲ್ಲ, 4ಎ: ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜು ಸೇರುವ ಮುನ್ನ

ಕನ್ನಡ ಕೂಟದ ಊಟದ ಸಾಲಿನಲ್ಲಿ "ಮಗ ಎಲ್ಲಿ ಸೇರಿದ್ನಪ್ಪಾ?" ಎಂದು ಕೇಳಿದರೆ "ಡಿ ಆಂಜಾ" ಎನ್ನುವಾಗ ನಮ್ಮವರ ದನಿ ಇನ್ನೂ ಇಳಿಯುತ್ತದೆ. ಪಿಯುಸಿಯಲ್ಲಿ ಮಾರ್ಕ್ಸ್ ಬರಲಿಲ್ಲ, ಡಿಪ್ಲೊಮಾಗೆ ಹಾಕಿದೆವು ಎಂದಷ್ಟೇ ಸಂಕೋಚ. ಬೇಡದ ಸಂಕೋಚ ಅದು. ಡಿ ಆಂಜಾ ಕ್ಯುಪರ್ಟಿನೊದ ಕಮ್ಯುನಿಟಿ ಕಾಲೇಜು, ಅಂದರೆ ಡಿಗ್ರಿಯ ಮೊದಲೆರಡು ವರ್ಷ ಓದುವ ಸರ್ಕಾರಿ ಕಾಲೇಜು. ಇಲ್ಲಿ ಎರಡು ವರ್ಷ ಓದಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ, ಅಂದರೆ ಯುಸಿಯ, ಮೂರನೇ ವರ್ಷಕ್ಕೆ ಹೋದವರಿಗೂ ಮೊದಲಿನಿಂದ ಅಲ್ಲೇ ಓದಿದವರಿಗೂ ಸಿಗುವ ಡಿಗ್ರಿ ಒಂದೇ. ಫೀಸು ಮಾತ್ರ ಒಂದೇ ಅಲ್ಲ. ಇಲ್ಲಿ ರಾಜ್ಯದ ನಿವಾಸಿಗೆ ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್ (ಯೂನಿಟ್ ಎಂದರೆ ಕ್ರೆಡಿಟ್), ಎರಡು ವರ್ಷದ ಅರವತ್ತು ಯೂನಿಟ್‌ಗೆ 2,760. ಯುಸಿಯಲ್ಲಿ ಒಂದೇ ವರ್ಷಕ್ಕೆ 14,000 ದಾಟುತ್ತದೆ. ಟ್ರಾನ್ಸ್‌ಫರ್ ಜಿಪಿಎ, ಅಂದರೆ ಯುಸಿಗೆ ದಾಟಲು ನೋಡುವ ಗ್ರೇಡುಗಳ ಸರಾಸರಿ, ಅದರ ಲೆಕ್ಕಕ್ಕೆ ಕಾಲೇಜಿನ ಗ್ರೇಡುಗಳೇ ಹೊರತು ಹೈಸ್ಕೂಲಿನವಲ್ಲ. ಹದಿನೇಳರಲ್ಲಿ ಎಡವಿದ ಹುಡುಗನಿಗೆ ಹತ್ತೊಂಬತ್ತರಲ್ಲಿ ಹೊಸ ಲೆಕ್ಕ ತೆರೆದುಕೊಡುವ ಈ ಗುಣ ನಮ್ಮ ಸಿಇಟಿಗೆ ಇಲ್ಲ.

ಆದರೆ ಸಿಇಟಿಗಿರುವ ಒಂದು ಗುಣ ಇಲ್ಲಿಲ್ಲ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದವನಿಗೆ ರ್‍ಯಾಂಕ್ ಬರುತ್ತದೆ, ರ್‍ಯಾಂಕಿಗೆ ತಕ್ಕ ಸೀಟು, ನೇರ ಎರಡನೇ ವರ್ಷ. ಯಾವ ಪೇಪರ್ ತೆಗೆದುಕೊಳ್ಳಬೇಕೆಂದು ಯಾರೂ ಅವನನ್ನು ಕೇಳುವುದಿಲ್ಲ. ಇಲ್ಲಿ ಅದನ್ನು ವಿದ್ಯಾರ್ಥಿಯೇ ಆರಿಸಬೇಕು, ಆರಿಸಿದ್ದು ತಪ್ಪಾದರೆ ಎರಡು ವರ್ಷವಾಗುವವರೆಗೂ ಯಾರೂ ಹೇಳುವುದಿಲ್ಲ. ನಮ್ಮ ಮನೆಗಳು ಜಾರಿ ಬೀಳುವುದು ಇಲ್ಲೇ.

ಕಾಲೇಜಿನ ಕ್ಯಾಟಲಾಗಿನಲ್ಲಿ ಒಂದು ಕೋರ್ಸಿನ ಎದುರು "ಯುಸಿ ಟ್ರಾನ್ಸ್‌ಫರಬಲ್" ಎಂದಿರುತ್ತದೆ. ಯೂನಿಟ್ ಒಪ್ಪುತ್ತೇವೆ ಎಂದಷ್ಟೇ ಅದರ ಅರ್ಥ, ನೀವು ಓದುವ ಮುಖ್ಯ ವಿಷಯಕ್ಕೆ, ಅಂದರೆ ಮೇಜರ್‌ಗೆ ಒಪ್ಪುತ್ತೇವೆ ಎಂದಲ್ಲ. ಡಿ ಆಂಜಾದ ಫಿಸಿಕ್ಸನ್ನೇ ನೋಡಿ. 2ಎ, 2ಬಿ, 2ಸಿ ಎಂಬುದೊಂದು ಸರಣಿ, ಅದರಲ್ಲಿ ಕ್ಯಾಲ್ಕುಲಸ್ ಇಲ್ಲ. 4ಎ ಇಂದ 4ಡಿ ಇನ್ನೊಂದು, ಅದು ಎಂಜಿನಿಯರಿಂಗ್ ಮತ್ತು ವಿಜ್ಞಾನದವರಿಗೆ. ಯಾವುದನ್ನು ಮಾಡಿದರೂ ಯೂನಿಟ್ ಸಿಗುತ್ತದೆ. ಹುಡುಗ "ಮೊದಲು ಸುಲಭದ್ದು ಮುಗಿಸಿ ಜಿಪಿಎ ಏರಿಸ್ಕೋತೀನಿ" ಎಂದು ಮೊದಲ ವರ್ಷ 2 ಸರಣಿ ಮಾಡುತ್ತಾನೆ, ಮೂರಕ್ಕೆ ಮೂರೂ ಎ. ಎರಡನೇ ವರ್ಷ ಫಾಲ್‌ನಲ್ಲಿ 4ಎ, ವಿಂಟರ್‌ನಲ್ಲಿ 4ಬಿ, ಸ್ಪ್ರಿಂಗ್‌ನಲ್ಲಿ 4ಸಿ. 4ಡಿ ಉಳಿಯಿತು! ಅದು ಬೇಕೆನ್ನುವ ಮೇಜರ್‌ನಲ್ಲಿ ಸ್ಪ್ರಿಂಗ್ ಕೊನೆಗೆ ತಯಾರಿ ಪೂರ್ತಿ ಇಲ್ಲ ಎಂದೇ ಲೆಕ್ಕ, ಸೀಟು ಸಿಗದೆ ಇನ್ನೊಂದು ವರ್ಷ. ಅಷ್ಟೇ ಅಲ್ಲ, 2 ಮತ್ತು 4 ಎರಡನ್ನೂ ಮಾಡಿದವರಿಗೆ ಯುಸಿ ಎರಡಕ್ಕೂ ಪೂರ್ತಿ ಯೂನಿಟ್ ಕೊಡುವುದಿಲ್ಲ.

ಮ್ಯಾಥ್ಸಿನಲ್ಲಿ ಇದೇ ಪೆಟ್ಟು ಬೇರೆ ಕಡೆಯಿಂದ ಬೀಳುತ್ತದೆ. ಡಿ ಆಂಜಾ, ಫುಟ್‌ಹಿಲ್ ವರ್ಷಕ್ಕೆ ಮೂರು ಟರ್ಮಿನ ಕ್ವಾರ್ಟರ್ ಕಾಲೇಜುಗಳು. ಮಿಷನ್, ಓಲೋನಿ ಸೆಮಿಸ್ಟರಿನವು. ಮೂರು ಕ್ವಾರ್ಟರಿನ ಪಾಠ ಎರಡು ಸೆಮಿಸ್ಟರಿಗೆ ಸಮ. ಕ್ಯುಪರ್ಟಿನೊದಲ್ಲಿ ಕ್ಯಾಲ್ಕುಲಸಿನ 1ಎ, 1ಬಿ ಮುಗಿಸಿ, ಮನೆ ಬದಲಾಯಿತೆಂದು ಫ್ರೀಮಾಂಟಿನ ಓಲೋನಿಗೆ ಹೋದರೆ ಕೈಯಲ್ಲಿರುವುದು ಒಂದೂಕಾಲು ಸೆಮಿಸ್ಟರಿಗಿಂತ ಸ್ವಲ್ಪ ಹೆಚ್ಚಿನ ಕ್ಯಾಲ್ಕುಲಸ್. ಅದು ಎಲ್ಲಿಗೂ ಹೊಂದುವುದಿಲ್ಲ, ಓದಿದ್ದನ್ನೇ ಮತ್ತೆ ಓದಬೇಕು. ಶುರು ಮಾಡಿದ ಸರಣಿಯನ್ನು ಅದೇ ಕಾಲೇಜಿನಲ್ಲಿ ಮುಗಿಸಿ, ಬೇಕಾದರೆ ದಿನಾ 880 ಹೆದ್ದಾರಿಯ ಟ್ರಾಫಿಕ್ ತಿನ್ನಿ.

ಇದಕ್ಕೆಲ್ಲ ಮದ್ದು ಅಸಿಸ್ಟ್ ಡಾಟ್ ಆರ್ಗ್ ಎಂಬ ವೆಬ್‌ಸೈಟ್. ನಿಮ್ಮ ಕಾಲೇಜು, ಹೋಗಬೇಕಾದ ಕ್ಯಾಂಪಸ್, ವರ್ಷ ಆರಿಸಿ, ಮೇಜರ್ ಪ್ರಕಾರ ನೋಡಿ. ಎಡಗಡೆ ಯುಸಿ ಕೇಳುವ ಕೋರ್ಸ್, ಬಲಗಡೆ ನಿಮ್ಮ ಕಾಲೇಜಿನದ್ದು. ಕೋರ್ಸುಗಳ ನಡುವೆ "ಆ್ಯಂಡ್" ಇದ್ದರೆ ಎಲ್ಲವೂ ಬೇಕು. ಅರ್ಧ ಮಾಡಿದರೆ ಸೊನ್ನೆ. "ನೋ ಕೋರ್ಸ್ ಆರ್ಟಿಕ್ಯುಲೇಟೆಡ್" ಎಂದಿದ್ದರೆ ಅದಕ್ಕೆ ಸಮನಾದದ್ದು ನಿಮ್ಮ ಕಾಲೇಜಿನಲ್ಲಿಲ್ಲ. ಪಕ್ಕದ ಕಾಲೇಜಿನಲ್ಲಿ ಇರಬಹುದು, ಹುಡುಕಿ. ಗುರಿ ಇಟ್ಟ ಪ್ರತಿ ಕ್ಯಾಂಪಸ್ಸಿನದೂ ಪ್ರಿಂಟ್ ತೆಗೆದು ಮೊದಲ ಟರ್ಮಿಗೆ ಮುಂಚೆಯೇ ಕೌನ್ಸೆಲರ್ ಮುಂದೆ ಇಡಿ. ಬರಿಗೈಲಿ ಹೋದರೆ ಎಲ್ಲರಿಗೂ ಹೊಂದುವ ಜನರಲ್ ಎಜುಕೇಶನ್ ಪಟ್ಟಿ ಕೊಟ್ಟು ಕಳಿಸುವುದೇ ಹೆಚ್ಚು. ಹಿಸ್ಟರಿ, ಆರ್ಟ್ ಎಂದು ಅದನ್ನೇ ತುಂಬಿಸುತ್ತ ಕೂತ ಎಂಜಿನಿಯರಿಂಗ್ ಆಕಾಂಕ್ಷಿಗೆ ಅರವತ್ತು ಯೂನಿಟ್ ಆಗುತ್ತದೆ, ಮೇಜರ್ ಆಗುವುದಿಲ್ಲ.

ಇನ್ನೊಂದು ಮಾತು, ಇಂಪ್ರೂವ್‌ಮೆಂಟ್ ಪರೀಕ್ಷೆಯ ಊರಿನಿಂದ ಬಂದವರಿಗೆ. ಇಲ್ಲಿ ಸಿ ಬಂದರೆ ಪಾಸು, ಗ್ರೇಡ್ ಏರಿಸಲೆಂದು ಆ ಕೋರ್ಸನ್ನು ಮತ್ತೆ ತೆಗೆದುಕೊಳ್ಳಲು ಬಿಡುವುದಿಲ್ಲ. ಡಿ, ಎಫ್ ಬಂದರಷ್ಟೇ ಮತ್ತೆ ಅವಕಾಶ, ಅದೂ ಒಟ್ಟು ಮೂರು ಸಲ, ನಡುವೆ ಬಿಟ್ಟದ್ದಕ್ಕೆ ಬೀಳುವ ಡಬ್ಲ್ಯೂ ಕೂಡ ಆ ಮೂರರಲ್ಲಿ ಸೇರುತ್ತದೆ. ಕ್ಲಾಸಿಗೆ ಹೋಗದಿದ್ದರೆ ತಾನಾಗಿ ಹೆಸರು ಹೋಗುತ್ತದೆ ಎಂದು ಸುಮ್ಮನಿರಬೇಡಿ, ಎಫ್ ಬೀಳಬಹುದು, ಫೀಸೂ ಬಾಕಿ ನಿಲ್ಲಬಹುದು. ಹತ್ತನೇ ಕ್ಲಾಸಿನ ಮಗುವನ್ನು ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜು ಕೋರ್ಸಿಗೆ, ಅಂದರೆ ಡ್ಯುಯಲ್ ಎನ್‌ರೋಲ್‌ಮೆಂಟಿಗೆ ತಳ್ಳುವ ಅಪ್ಪ ಅಮ್ಮಂದಿರೂ ಕೇಳಿಸಿಕೊಳ್ಳಿ: ಆ ಗ್ರೇಡು ಕಾಲೇಜಿನ ಕಾಯಂ ದಾಖಲೆ.

ಎಚ್-4 (ಎಚ್-1ಬಿ ಕೆಲಸಗಾರರ ಹೆಂಡತಿ ಅಥವಾ ಗಂಡ, ಮಕ್ಕಳ ವೀಸಾ) ಮನೆಗಳಿಗೆ ದುಡ್ಡಿನ ಹೊಡೆತ ರೆಸಿಡೆನ್ಸಿಯದು, ಅಂದರೆ ರಾಜ್ಯದ ನಿವಾಸಿ ಎನ್ನುವ ಲೆಕ್ಕದ್ದು. ಎಚ್-4 ಮೇಲಿರುವವರೂ ಕ್ಯಾಲಿಫೋರ್ನಿಯಾ ನಿವಾಸಿಗಳಾಗಬಹುದು, ಆದರೆ ಟರ್ಮ್ ಶುರುವಾಗುವ ಹಿಂದಿನ ದಿನಕ್ಕೆ ಒಂದು ವರ್ಷ ಒಂದು ದಿನ ಇಲ್ಲೇ ಇದ್ದಿರಬೇಕು, ಅದಕ್ಕೆ ಕಾಗದ ಬೇಕು: ಐ-797 (ವಲಸೆ ಇಲಾಖೆಯ ಮಂಜೂರಾತಿ ಪತ್ರ), ಐ-94 (ದೇಶದೊಳಗೆ ಬಂದ ದಾಖಲೆ), ರಾಜ್ಯದ ಟ್ಯಾಕ್ಸ್ ರಿಟರ್ನ್, ಬಾಡಿಗೆ ಕರಾರು. ಟೆಕ್ಸಾಸಿನಿಂದ ಜೂನ್‌ನಲ್ಲಿ ಬಂದು ಸೆಪ್ಟೆಂಬರಿಗೆ ಸೇರಿದರೆ ಹೊರರಾಜ್ಯದ ದರ. ಹಲವು ಸೆಮಿಸ್ಟರ್ ಕಾಲೇಜುಗಳಲ್ಲಿ ಅದು ಯೂನಿಟ್‌ಗೆ 300 ಡಾಲರಿಗೂ ಮೇಲೆ. ಅರ್ಜಿಯಲ್ಲಿ ವೀಸಾ ಪ್ರಶ್ನೆಗೆ ಅವಸರದಲ್ಲಿ ತಪ್ಪು ಒತ್ತಿದವರಿಗೂ ಅದೇ ಬಿಲ್. ಬಿಲ್ ಕಟ್ಟುವ ಮುಂಚೆ ಅಡ್ಮಿಶನ್ಸ್ ಆಫೀಸಿಗೆ ಕಾಗದ ಹಿಡಿದು ಹೋಗಿ. ಇಪ್ಪತ್ತೊಂದು ತುಂಬಿ ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾಗಬೇಕಾದ ಮಕ್ಕಳಿದ್ದರೆ ಈ ಲೆಕ್ಕವನ್ನು ಹತ್ತೊಂಬತ್ತರಲ್ಲೇ ಹಾಕಿ, ಏಕೆಂದರೆ ಎಫ್-1 ಮೇಲೆ ರೆಸಿಡೆನ್ಸಿ ಗಳಿಸಲಾಗುವುದಿಲ್ಲ.

ಊರಲ್ಲಿ ಬಿಎಸ್ಸಿ ಮಾಡಿ ಇಲ್ಲಿ ಮನೆಯಲ್ಲಿ ಕೂತವರಿಗೂ ಇವೇ ಕಾಲೇಜುಗಳಲ್ಲಿ ದಾರಿ ಇದೆ. ಅಸೋಸಿಯೇಟ್ ಡಿಗ್ರಿ ನರ್ಸಿಂಗ್ ಎರಡು ವರ್ಷ. ಮುಗಿಸಿ ಎನ್‌ಕ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆ ಪಾಸಾದರೆ ರಿಜಿಸ್ಟರ್ಡ್ ನರ್ಸ್. ಆದರೆ ಅದಕ್ಕೂ ಮೊದಲು ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಲ್ಯಾಬ್ ಸಮೇತ ಆಗಬೇಕು, ಅಲ್ಲೇ ಒಂದು ವರ್ಷ ಹೋಗುತ್ತದೆ. ಸೀಟು ಕಡಿಮೆ, ಕಾಯಬೇಕಾಗುತ್ತದೆ. ಎಚ್-4 ಮೇಲೆ ಓದಬಹುದು, ಆದರೆ ಕೆಲಸದ ಅನುಮತಿ ಪತ್ರವಾದ ಇಎಡಿ ಇಲ್ಲದೆ ಕೆಲಸ ಮಾಡುವಂತಿಲ್ಲ ಎಂಬುದನ್ನು ಮೊದಲೇ ಯೋಚಿಸಿ.

ಇನ್ನು ತಾರೀಖುಗಳು. ಸೀಟು ಖಾತ್ರಿ ಕೊಡುವ ಟ್ಯಾಗ್ ಅರ್ಜಿ ಸೆಪ್ಟೆಂಬರ್ 1ರಿಂದ 30. ಆರು ಕ್ಯಾಂಪಸ್ ಮಾತ್ರ ಅದರಲ್ಲಿವೆ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್. ಒಂದನ್ನಷ್ಟೇ ಆರಿಸಬಹುದು, ಕೆಲವು ಮೇಜರ್‌ಗಳಿಗೆ ಖಾತ್ರಿ ಇಲ್ಲ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯೇಗೊ ಇದರಲ್ಲಿಲ್ಲ. ಯುಸಿಯ ಮುಖ್ಯ ಅರ್ಜಿ ನವೆಂಬರ್ ಕೊನೆಯೊಳಗೆ ಮುಗಿಸಿಬಿಡಿ. ಅದಾದ ಮೇಲೆ ಜನವರಿಯಲ್ಲಿ ಫಾಲ್ ಟರ್ಮಿನ ಗ್ರೇಡ್ ತುಂಬಿಸುವ ಅಪ್‌ಡೇಟ್ ಒಂದಿದೆ. ಅದರ ಈಮೇಲ್ ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದಿರಬಹುದು, ಜನವರಿ ಪೂರ್ತಿ ಅಲ್ಲೂ ಕಣ್ಣಿಡಿ.